ಪ್ಲಾಸ್ಟರ್ ರೂಮಿನ ಜೂಲಿಯಾಬಾಯಿ

ಜೂಲಿಯಾಬಾಯಿ ಕಾಲು ಮುಂದಾಗಿ ಹುಟ್ಟಿದವಳು. ಶಿರ್ವದ ಮನೆಯಲ್ಲಿ ಹೆರಿಗೆ ಮಾಡಿಸಲು ಬಂದ ಸೂಲಗಿತ್ತಿ ತಲೆಯ ಬದಲು ಎರಡು ಪುಟ್ಟ ಪಾದ ಕಂಡು ಬೆವರಿದಳಂತೆ. ಅಂತೂ ತಾಯಿ, ಮಗು ಇಬ್ಬರೂ ಉಳಿದರು. ಹೀಗೆ ಹುಟ್ಟಿದವರ ಕಾಲು ತಾಗಿದರೆ ಸೊಂಟದ ಉಳುಕು ಓಡಿಹೋಗುತ್ತದೆ ಎನ್ನುವ ನಂಬಿಕೆ ನಮ್ಮಲ್ಲಿ ಕರಾವಳಿಯಿಂದ ಧಾರವಾಡದವರೆಗೂ ಇದೆ. ವಿಮಾನ ಹತ್ತುವಾಗ ನಮ್ಮ ಜನ ಉಪ್ಪಿನಕಾಯಿ ಬಿಟ್ಟರೂ ಬಿಟ್ಟಾರು, ಇಂಥದ್ದನ್ನು ಬಿಡುವುದಿಲ್ಲ.

ಹಾಗಾಗಿ ತೊಂಬತ್ತರ ದಶಕದ ಕೊನೆಯ ಹೊತ್ತಿಗೆ ಲಂಡನ್ನಿನಲ್ಲಿ ಯಾವ ಕನ್ನಡಿಗನ ಸೊಂಟ ಹಿಡಿದುಕೊಂಡರೂ ಫೋನು ಬರುತ್ತಿದ್ದದ್ದು ಕ್ರೋಯ್ಡನ್ನಿಗೆ, ಜೂಲಿಯಾಬಾಯಿಗೆ. ಊರಿನ ಇನ್ನೊಂದು ತುದಿಯ ಎಜ್‌ವೇರ್‌ನಿಂದ ಎರಡು ಟ್ರೇನು ಬದಲಾಯಿಸಿಕೊಂಡು ಬರುವವರೂ ಇದ್ದರು. ಅಡಿವೆಪ್ಪ ಅಂತ ಗೋಕಾಕಿನ ಇಂಜಿನಿಯರು, ಆರಡಿ ಎತ್ತರದ ಆಸಾಮಿ, ಒಂದು ಭಾನುವಾರ ಬಂದು ಕಾರ್ಪೆಟ್ಟಿನ ಮೇಲೆ ಬೋರಲು ಮಲಗಿದ. ಜೂಲಿಯಾಬಾಯಿ ಸೋಫಾದ ಬೆನ್ನು ಹಿಡಿದುಕೊಂಡು ಬಲಗಾಲಿನಿಂದ ಅವನ ಸೊಂಟವನ್ನು ಮೂರು ಸಲ ಮೆಲ್ಲಗೆ ಒತ್ತಿದಳು.

"ಹಗುರಾತ್ರಿ ಅಕ್ಕಾರ! ಏನ್ ಕಾಲ್ರಿ ನಿಮ್ದು!" ಎಂದು ಅವನು ಎದ್ದು ಕೂತ.

"ಎಂತ ಕಾಲೂ ಇಲ್ಲ ಮಾರಾಯ್ರೆ," ಎಂದು ಆಕೆ ನಕ್ಕಳು. "ಉಳುಕು ಮೂರು ದಿನದಲ್ಲಿ ತನ್ನಷ್ಟಕ್ಕೆ ಹೋಗ್ತದೆ. ನೀವೆಲ್ಲ ಸರೀ ಮೂರನೇ ದಿನಕ್ಕೆ ನನ್ನ ಹತ್ರ ಬರ್ತೀರಿ. ಹೆಸರು ನನ್ನ ಕಾಲಿಗೆ!"

ಬಾಯಲ್ಲಿ ಹೀಗೆ ಹೇಳುತ್ತಿದ್ದಳೇ ಹೊರತು ಆ ಹೆಸರು ಅವಳಿಗೆ ಬೇಡವಾಗಿತ್ತು ಅಂದುಕೊಳ್ಳಬೇಡಿ. ಚೆನ್ನಾಗಿಯೇ ಬೇಕಾಗಿತ್ತು. ಯಾಕೆ ಬೇಡವಾದೀತು? ೧೯೯೨ರಲ್ಲಿ ಗಂಡ ವಿಲ್‌ಫ್ರೆಡ್‌ನ ಹಿಂದೆ ಈ ಊರಿಗೆ ಬಂದಾಗ ಅವಳನ್ನು ಯಾರೂ ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ವಿಲ್‌ಫ್ರೆಡ್‌ಗೆ ವಿಮಾನದ ಊಟ ಕಟ್ಟುವ ಅಡುಗೆಮನೆಯಲ್ಲಿ ಕೆಲಸ. ಇವಳಿಗೆ ಸಿಕ್ಕಿದ್ದು ಒಂದು ಆಸ್ಪತ್ರೆಯ ಮೂಳೆ ವಿಭಾಗದಲ್ಲಿ ನೆಲ ಒರೆಸುವ ಕೆಲಸ. ಅಲ್ಲಿನ ಪ್ಲಾಸ್ಟರ್ ರೂಮು ಅಂದರೆ ಮೂರು ಹೊತ್ತೂ ಬಿಳಿ ಹುಡಿ. ಎಷ್ಟು ಒರೆಸಿದರೂ ಅರ್ಧ ಗಂಟೆಗೆ ಮತ್ತೆ ಹಿಟ್ಟಿನ ಗಿರಣಿ. ಒರೆಸುತ್ತ ಒರೆಸುತ್ತ ಅವಳು ನೋಡಿದಳು: ಪಟ್ಟಿ ಹೇಗೆ ನೆನೆಸುತ್ತಾರೆ, ಹೇಗೆ ಸುತ್ತುತ್ತಾರೆ, ಬೆರಳಿನಿಂದ ಒತ್ತದೆ ಅಂಗೈಯಿಂದ ಯಾಕೆ ಸವರುತ್ತಾರೆ. ಒಂದು ದಿನ ಸುತ್ತುವವನ ಕೈ ತಪ್ಪಿದ್ದನ್ನು ಕಂಡು, ಮಾಪು ಹಿಡಿದುಕೊಂಡೇ, "ಹಿಮ್ಮಡಿ ಹತ್ರ ಟೈಟ್ ಆಯ್ತು," ಎಂದುಬಿಟ್ಟಳು. ರೂಮಿನ ಮುಖ್ಯಸ್ಥ ತಿರುಗಿ ನೋಡಿದ. ಬೈಯಲಿಲ್ಲ, ತರಬೇತಿಗೆ ಹಾಕಿದ. ನಾಲ್ಕು ವರ್ಷದಲ್ಲಿ ತರಬೇತಿ ಮುಗಿಸಿ, ಪರೀಕ್ಷೆ ಪಾಸು ಮಾಡಿ, ಅದೇ ರೂಮಿನಲ್ಲಿ ಪ್ಲಾಸ್ಟರ್ ಟೆಕ್ನಿಷಿಯನ್ ಆಗಿ ನಿಂತಳು. ನೆಲ ಒರೆಸಲು ಬೇರೆಯವರು ಬಂದರು.

ಕೆಲಸ ಮಾಡುವಾಗ ಅವಳ ಬಾಯಿ ಸುಮ್ಮನಿರುತ್ತಿರಲಿಲ್ಲ. ಪಟ್ಟಿ ಒಣಗುವ ತನಕ ರೋಗಿಗೆ ಪಾಠ. ಇಂಗ್ಲಿಷಿನವರಿಗೆ ಇಂಗ್ಲಿಷಿನಲ್ಲಿ, ನಮ್ಮವರಿಗೆ ನಮ್ಮ ಭಾಷೆಯಲ್ಲಿ.

"ನಿಮ್ಮ ಕಿವಿ ಮಡಚಿ ನೋಡಿ. ಮಡಚ್ತದೆ, ಬಿಟ್ರೆ ವಾಪಸ್ ಬರ್ತದೆ. ಅದು ಮೂಳೆ ಅಲ್ಲ, ಮೃದ್ವಸ್ಥಿ. ಮೂಗಿನ ತುದಿಯದ್ದೂ ಮೃದ್ವಸ್ಥಿಯೇ, ಆದ್ರೆ ಅದು ಕಿವಿಯ ಜಾತಿ ಅಲ್ಲ. ಮಂಡಿಯೊಳಗೆ ಮೂಳೆಯ ತುದಿಗೆ ಅಂಟಿಕೊಂಡಿರ್ತದಲ್ಲ, ನುಣ್ಣಗೆ, ಗಾಜಿನ ಹಾಗೆ, ಮೂಗಿನದ್ದು ಅದೇ ಜಾತಿ. ಬೆನ್ನೆಲುಬಿನ ಮಣಿಗಳ ನಡುವೆ ಇರುವುದು ಮೂರನೇ ಜಾತಿ, ನಾರು ನಾರು, ಭಾರ ಹೊರ್ಲಿಕ್ಕೆ ಇರುವಂಥದ್ದು. ಇವು ಯಾವುದಕ್ಕೂ ಒಳಗೆ ರಕ್ತನಾಳ ಇಲ್ಲ. ಅದಕ್ಕೇ ಹಾಳಾದ್ರೆ ಬೇಗ ರಿಪೇರಿ ಇಲ್ಲ. ಮೂಳೆ ಹಾಗಲ್ಲ ಮಾರಾಯ್ರೆ. ಮೂಳೆಗೆ ರಕ್ತ ಉಂಟು, ಜೀವ ಉಂಟು. ಮುರಿದ್ರೆ ಕೂಡ್ತದೆ."

ಮೂಳೆ ಎಂದರೆ ಒಣ ಕಟ್ಟಿಗೆ ಎಂದುಕೊಂಡವರನ್ನು ಕಂಡರೆ ಅವಳಿಗೆ ಸಿಟ್ಟು. ತೊಡೆಯ ಉದ್ದ ಮೂಳೆಯ ನಡುಭಾಗ ಗಟ್ಟಿ ಕೊಳವೆ, ತುದಿಗಳು ಒಳಗೆ ತೂತು ತೂತು, ತಲೆಬುರುಡೆಯದ್ದು ಚಪ್ಪಟೆ, ಮಣಿಕಟ್ಟಿನದ್ದು ಹುಣಸೆ ಬೀಜದಂಥ ಪುಟ್ಟ ತುಂಡುಗಳು ಎಂದು ಬೆರಳು ಮಡಚುತ್ತ ಹೇಳುವಳು. ಆದರೆ ಅವಳಿಗೆ ಬಹಳ ಪ್ರೀತಿಯ ಪಾಠ ಮಕ್ಕಳ ಮೂಳೆಯದ್ದು. ಮಕ್ಕಳ ಉದ್ದ ಮೂಳೆಯ ತುದಿಯ ಹತ್ತಿರ ಮೃದ್ವಸ್ಥಿಯ ತೆಳ್ಳನೆಯ ಪದರವೊಂದು ಇರುತ್ತದೆ. ಡಾಕ್ಟರುಗಳು ಗ್ರೋಥ್ ಪ್ಲೇಟ್ ಎನ್ನುತ್ತಾರೆ. ಅಲ್ಲಿ ಜೀವಕೋಶಗಳು ನೀರ್‌ದೋಸೆ ಪೇರಿಸಿದ ಹಾಗೆ ಒಂದರ ಮೇಲೊಂದು ಸಾಲಾಗಿ ಬೆಳೆಯುತ್ತ ಹೋಗುತ್ತವೆ. ಒಂದು ಕಡೆ ಹೊಸತು ಹುಟ್ಟುತ್ತಿರುತ್ತದೆ, ಇನ್ನೊಂದು ಕಡೆ ಹಳೆಯದು ಗಟ್ಟಿಯಾಗಿ ಮೂಳೆಯಾಗುತ್ತಿರುತ್ತದೆ. ಮಗು ಉದ್ದವಾಗುವುದೇ ಅಲ್ಲಿಂದ. ಹದಿನಾಲ್ಕೋ ಹದಿನಾರೋ ವರ್ಷಕ್ಕೆ ಆ ಪದರ ಪೂರ್ತಿ ಮೂಳೆಯಾಗಿ ಮುಚ್ಚಿಹೋದರೆ ಮುಗಿಯಿತು, ಮತ್ತೆ ಒಂದು ಕೂದಲೆಳೆಯಷ್ಟೂ ಬೆಳೆಯುವುದಿಲ್ಲ.

ಹೊಸದಾಗಿ ಬಂದ ಎಳೆ ಡಾಕ್ಟರುಗಳನ್ನೂ ಅವಳು ಬಿಡುತ್ತಿರಲಿಲ್ಲ. ದೊಡ್ಡವರ ಪಾದದ ಗಂಟು ತಿರುಚಿದರೆ ಮೊದಲು ಹರಿಯುವುದು ಮೂಳೆಗಳನ್ನು ಹಿಡಿದಿಟ್ಟ ಕಟ್ಟು. ಮಕ್ಕಳಲ್ಲಿ ಆ ಕಟ್ಟಿಗಿಂತ ಬೆಳೆಯುವ ಪದರವೇ ಮೆದು, ಮೊದಲು ಬಿಡುವುದು ಅದು. ಎಕ್ಸ್‌ರೇಯಲ್ಲಿ ಮೃದ್ವಸ್ಥಿ ಕಾಣುವುದಿಲ್ಲ, ಅಲ್ಲಿ ಬರೀ ಕಪ್ಪು ಗೆರೆ. ಆದ್ದರಿಂದ ಫಿಲ್ಮ್ ಚೆನ್ನಾಗಿದೆ ಎಂದು ಮಗುವನ್ನು ಕಳಿಸಿಬಿಡಬೇಡಿ, ಒಂದು ಬೆರಳಿನಿಂದ ಒತ್ತಿ ನೋಡಿ, ನೋವು ಗಂಟಿನಲ್ಲಿದೆಯೋ ಮೂಳೆಯ ಮೇಲಿದೆಯೋ ಕೇಳಿ ಎಂದು ಹೇಳಿಕೊಡುವಳು. ಈ ಪಾಠವನ್ನು ಅವಳು ಐದು ವರ್ಷದಲ್ಲಿ ಕಡಿಮೆಯೆಂದರೂ ನೂರು ಸಲ ಹೇಳಿರಬೇಕು. ಇಷ್ಟೆಲ್ಲ ಗೊತ್ತಿದ್ದ ಹೆಂಗಸು ಮಾಡಿದ್ದೇನು, ಕೇಳಿ.

೨೦೦೧ರ ನವೆಂಬರ್ ಮೂರು, ಶನಿವಾರ ಮಧ್ಯಾಹ್ನ. ಕ್ರೋಯ್ಡನ್ನಿನ ಒಂದು ಸ್ಕೂಲಿನ ಹಾಲ್‌ನಲ್ಲಿ ಕನ್ನಡದವರ ರಾಜ್ಯೋತ್ಸವ. ಇನ್ನೂರು ಜನ, ಪುಳಿಯೋಗರೆಯ ಘಮ, ಮೈಕಿನ ಕೀ ಅನ್ನುವ ಸದ್ದು. ಜೂಲಿಯಾಬಾಯಿ ಹಸಿರು ರೇಷ್ಮೆಸೀರೆ ಉಟ್ಟು ಎರಡನೇ ಸಾಲಿನಲ್ಲಿ ಕೂತಿದ್ದಳು. ಅಷ್ಟರಲ್ಲಿ ಉಷಾ ಓಡಿಬಂದಳು. ಉಷಾ, ಅವಳ ಗಂಡ ಉದಯಶಂಕರ್ ಬೆಂಗಳೂರಿನವರು. ಅವನು ಸಾಫ್ಟ್‌ವೇರ್ ಕೆಲಸದ ಮೇಲೆ ಮೂರು ವರ್ಷದ ಹಿಂದೆ ಬಂದು ಈಸ್ಟ್ ಕ್ರೋಯ್ಡನ್ ಸ್ಟೇಷನ್ ಹತ್ತಿರ ಫ್ಲ್ಯಾಟ್ ಹಿಡಿದಿದ್ದ. ಒಬ್ಬಳೇ ಮಗಳು ಗೌತಮಿ, ಒಂಬತ್ತು ವರ್ಷ.

"ಜೂಲಿಯಾ ಆಂಟಿ, ಬನ್ನಿ ಬನ್ನಿ, ಅರ್ಜೆಂಟು! ಗೌತಮಿ ಗುರುವಾರ ಪಾರ್ಕಲ್ಲಿ ಹತ್ತೋ ಕಂಬಿ ಮೇಲಿಂದ ಜಿಗಿದು ಕಾಲು ಉಳುಕಿಸ್ಕೊಂಡಿದಾಳೆ. ಎಕ್ಸ್‌ರೇ ಎಲ್ಲಾ ನಾರ್ಮಲ್ ಅಂತೆ, ಬರೀ ಉಳುಕು ಅಂತೆ. ಅರ್ಧ ಗಂಟೇಲಿ ಡ್ಯಾನ್ಸಿದೆ, ಮಧ್ಯದಲ್ಲಿ ನಿಲ್ಲೋಳು ಇವಳೇ. ನೀವೊಂದ್ಸಲ ಎಳೆದುಬಿಡಿ, ನಿಮ್ ಕೈಕಾಲಿನ ಗುಣ ಯಾರಿಗಿದೆ!"

ಜೂಲಿಯಾಬಾಯಿ ಎದ್ದಳು. ಅವಳ ಹಿಂದೆ ಹತ್ತು ಹದಿನೈದು ಜನರೂ ಎದ್ದರು, ತಮಾಷೆ ನೋಡಲು. ವೇದಿಕೆಯ ಪಕ್ಕದ ಕೋಣೆಯಲ್ಲಿ ಗೌತಮಿ ಜರಿ ಲಂಗ ಹಾಕಿಕೊಂಡು ಬೆಂಚಿನ ಮೇಲೆ ಬಲಗಾಲು ಚಾಚಿ ಕೂತಿದ್ದಳು. ಪಾದದ ಗಂಟು ಊದಿತ್ತು. ಯಾರೋ ಕೊಬ್ಬರಿ ಎಣ್ಣೆ ಕೊಟ್ಟರು. ಜೂಲಿಯಾಬಾಯಿ ನೆಲದ ಮೇಲೆ ಕೂತು ಎಣ್ಣೆ ಹಚ್ಚುತ್ತ ಹೋದಳು. ಗಂಟಿನ ಮೇಲೆ ಕೈ ಹೋದಾಗ ಹುಡುಗಿ ಸುಮ್ಮನಿದ್ದಳು. ಗಂಟಿಗಿಂತ ಒಂದು ಬೆರಳು ಮೇಲೆ, ಮೂಳೆಯ ಮೇಲೆ ಹೆಬ್ಬೆರಳು ಬಿದ್ದಾಗ ಮೈಯೆಲ್ಲ ಒಮ್ಮೆ ಝುಮ್ಮೆಂದು ಕುಗ್ಗಿದಳು. ಕೈಗೆ ಅದು ಗೊತ್ತಾಯಿತು. ಆಸ್ಪತ್ರೆಯಲ್ಲಾಗಿದ್ದರೆ ಕೈ ಅಲ್ಲೇ ನಿಲ್ಲುತ್ತಿತ್ತು. ಇಲ್ಲಿ ಸುತ್ತ ಜನ. "ಜೂಲಿಯಾ ಅಕ್ಕಾರು ಕೈ ಹಾಕಿದ ಮ್ಯಾಲೆ ಮುಗೀತು ಬಿಡ್ರಿ," ಎಂದ ಅಡಿವೆಪ್ಪ. ಅವಳು ಹಿಮ್ಮಡಿ ಹಿಡಿದು, ಪಾದ ಹಿಡಿದು, ಒಂದು ಸಲ ಜಗ್ಗಿ ತಿರುಗಿಸಿದಳು. ಟಕ್ ಅಂತ ಶಬ್ದ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಹುಡುಗಿ ಕೂಗಲಿಲ್ಲ. ಮುಖ ಮಾತ್ರ ಬಿಳುಚಿತು. "ಐ ಆಮ್ ಫೈನ್, ಆಂಟಿ," ಎಂದಳು, ಅಮ್ಮನ ಮುಖ ನೋಡಿಕೊಂಡು. ವೇದಿಕೆಗೂ ಹೋದಳು. ಹಾಡು ಶುರುವಾಗಿ ನಾಲ್ಕು ಹೆಜ್ಜೆ ಹಾಕಿ, ಐದನೆಯದಕ್ಕೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಉದಯಶಂಕರ್ ಹೋಗಿ ಎತ್ತಿಕೊಂಡು ಬಂದ. ಪಾಪ, ಮಗು ಜನ ನೋಡಿ ಹೆದರಿತು ಎಂದರು ಎಲ್ಲರೂ. "ನಾಳೆ ಸರಿ ಹೋಗ್ತದೆ," ಎಂದಳು ಜೂಲಿಯಾಬಾಯಿ.

ಮರುದಿನ ಬೆಳಿಗ್ಗೆ ಚರ್ಚಿನಲ್ಲಿ ಪಾದ್ರಿಗಳ ಪ್ರವಚನ ನಡೆಯುತ್ತಿತ್ತು. ಜೂಲಿಯಾಬಾಯಿಗೆ ಒಂದು ಮಾತೂ ಕೇಳಲಿಲ್ಲ. ಬಲಗೈಯ ಹೆಬ್ಬೆರಳನ್ನೇ ಉಜ್ಜಿಕೊಳ್ಳುತ್ತ ಕೂತಿದ್ದಳು. ಗಂಟಿನ ಮೇಲಲ್ಲ, ಒಂದು ಬೆರಳು ಮೇಲೆ. ಮೂಳೆಯ ಮೇಲೆ. ಅವಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಗುವಿನ ಬೆಳೆಯುವ ಪದರಕ್ಕೆ ಪೆಟ್ಟಾಗಿದೆ, ಅದನ್ನು ತಾನು ಜಗ್ಗಿದ್ದೇನೆ. ಹೊರಗೆ ಬರುವಾಗ ವಿಲ್‌ಫ್ರೆಡ್‌ಗೆ ಎಲ್ಲ ಹೇಳಿದಳು. ಗಂಡ ಹೆಂಡತಿಯದು ಕೊಂಕಣಿ. ಇಲ್ಲಿ ಕನ್ನಡದಲ್ಲಿ ಹೇಳಬೇಕಷ್ಟೆ.

"ಮಗುವನ್ನು ಆಸ್ಪತ್ರೆಗೆ ಕರ್ಕೊಂಡು ಹೋಗು, ಬೇಡ ಅನ್ನುವುದಿಲ್ಲ," ಎಂದ ವಿಲ್‌ಫ್ರೆಡ್. ನಿಧಾನದ ಮನುಷ್ಯ, ಹೆದರುವುದೂ ನಿಧಾನವಾಗಿಯೇ. "ಆದ್ರೆ ನೀನು ಎಳೆದದ್ದು ಹೇಳ್ಬೇಡ ಜೂಲಿ. ನೋವು ಕಡಿಮೆ ಆಗ್ಲಿಲ್ಲ ಅಂತ ಹೇಳಿದ್ರೆ ಸಾಕು. ಎಷ್ಟು ಕಷ್ಟಪಟ್ಟು ಆ ಕೆಲಸ ಹಿಡಿದಿದ್ದಿ."

"ಹಾಗೆ ಹೇಳಿದ್ರೆ ಅವರು ಗುರುವಾರದ ಎಕ್ಸ್‌ರೇ ನೋಡಿ ವಾಪಸ್ ಕಳಿಸ್ತಾರೆ. ಮಕ್ಕಳಿಗೆ ಸುಮ್‌ಸುಮ್ನೆ ಎರಡೆರಡು ಸಲ ಎಕ್ಸ್‌ರೇ ತೆಗೆಯುವುದಿಲ್ಲ ಮಾರಾಯಾ. ಆಮೇಲೆ ಏನೋ ಆಗಿದೆ ಅಂತ ಗೊತ್ತಾದ್ರೆ ಮಾತ್ರ ತೆಗೀತಾರೆ. ಆದದ್ದು ಎಂತ ಅಂತ ನನಗೆ ಗೊತ್ತು, ಬೇರೆ ಯಾರಿಗೆ ಗೊತ್ತು?"

ಇನ್ನೊಂದು ವಿಷಯವೂ ಅವಳಿಗೆ ಗೊತ್ತಿತ್ತು. ದೊಡ್ಡವರ ಮೂಳೆ ಕೂಡಲು ತಿಂಗಳು ಬೇಕು. ಮಕ್ಕಳದ್ದು ವಾರ, ಹತ್ತು ದಿನದಲ್ಲಿ ಅಂಟಲು ಶುರು. ಸರಿದ ಮೂಳೆ ಸರಿದಲ್ಲೇ ಅಂಟಿದ ಮೇಲೆ ಡಾಕ್ಟರು ಕೂಡ ಅದನ್ನು ಎಳೆದು ಕೂರಿಸಲು ಹೋಗುವುದಿಲ್ಲ. ಹೋದರೆ ಇದ್ದ ಪದರವೂ ಹರಿದುಹೋಗುತ್ತದೆ. ಆಮೇಲೆ ಪದರದ ಒಂದು ಭಾಗ ಸತ್ತು, ಇನ್ನೊಂದು ಭಾಗ ಬೆಳೆಯುತ್ತ ಹೋದರೆ ಪಾದ ಒಂದು ಕಡೆಗೆ ವಾಲುತ್ತದೆ. ಪ್ರತಿ ವರ್ಷ ಇನ್ನಷ್ಟು ವಾಲುತ್ತದೆ. ಬಿದ್ದದ್ದು ಗುರುವಾರ, ಇವತ್ತು ಭಾನುವಾರ. ಅವಳು ಮನೆಗೂ ಹೋಗದೆ ಅಲ್ಲಿಂದಲೇ ಟ್ರ್ಯಾಮ್ ಹತ್ತಿದಳು.

ಉಷಾಳ ಫ್ಲ್ಯಾಟ್ ನಾಲ್ಕನೇ ಮಹಡಿ. ಲಿಫ್ಟಿನಿಂದ ಹೊರಬೀಳುವಾಗಲೇ ಬಿಸಿ ಹರಳೆಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಬಾಗಿಲು ತೆಗೆದ ಉಷಾಳ ಕೈಯಲ್ಲಿ ಬಟ್ಟಲು.

"ಅಯ್ಯೋ, ಒಳ್ಳೆ ಟೈಮಿಗೆ ಬಂದ್ರಿ ಆಂಟಿ! ನಿನ್ನೆ ಎಳೆದಿದ್ದು ಅರ್ಧಂಬರ್ಧ ಬಿಟ್ಟಿದೆ ಅನ್ಸತ್ತೆ. ಇನ್ನೂ ಊದಿದೆ. ಇನ್ನೊಂದ್ಸಲ ಎಳೆದುಬಿಡಿ."

ಜೂಲಿಯಾಬಾಯಿ ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡು ಕಿಟಕಿಯ ಹತ್ತಿರ ಇಟ್ಟಳು.

"ಎಣ್ಣೆ ಹಚ್ಚಬೇಡಿ ಉಷಾ. ಎಳೆಯುವುದೂ ಬೇಡ. ನಿನ್ನೆ ನಾನು ಮಾಡಿದ್ದು ತಪ್ಪು. ಇದು ಉಳುಕು ಅಲ್ಲ, ಮೂಳೆ ಬೆಳೆಯುವ ಜಾಗಕ್ಕೆ ಪೆಟ್ಟಾಗಿದೆ. ನಾನು ಎಳೆದು ಇನ್ನೂ ಹಾಳು ಮಾಡಿದ್ದೇನೆ ಅಂತ ಕಾಣ್ತದೆ. ಈಗಲೇ ಆಸ್ಪತ್ರೆಗೆ ಹೋಗ್ಬೇಕು."

"ಎಕ್ಸ್‌ರೇ ನಾರ್ಮಲ್ ಅಂದ್ರಲ್ಲ ಅಲ್ಲಿ?" ಎಂದ ಉದಯಶಂಕರ್ ಸೋಫಾದಿಂದ ಏಳುತ್ತ.

"ಎಕ್ಸ್‌ರೇಯಲ್ಲಿ ಗಟ್ಟಿ ಮೂಳೆ ಕಾಣ್ತದೆ, ಮೃದ್ವಸ್ಥಿ ಕಾಣುವುದಿಲ್ಲ. ಅವರ ತಪ್ಪಲ್ಲ. ಗುರುವಾರ ಅದು ಸರಿದಿರ್ಲಿಕ್ಕಿಲ್ಲ."

ಉಷಾಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳ ಧ್ವನಿಯೇ ಬದಲಾಯಿತು.

"ನೀವು ದಿನಾ ಇದೇ ಕೆಲಸ ಮಾಡೋರು. ನಂಗೆ ಗೊತ್ತಿರ್ಲಿಲ್ಲ ಸರಿ, ನಿಮಗೂ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು."

"ಮತ್ತೆ ಯಾಕೆ ಎಳೆದ್ರಿ?"

"ಜನ ನೋಡ್ತಾ ಇದ್ರು," ಎಂದಳು ಜೂಲಿಯಾಬಾಯಿ. ಇದ್ದದ್ದನ್ನು ಹೇಳಿದಳು. ನಾಚಿಕೆಯಿಂದ ಕಿವಿ ಸುಡುತ್ತಿತ್ತು, ಆದರೆ ತಲೆ ತಗ್ಗಿಸಲಿಲ್ಲ. "ಬೈಯ್ಲಿಕ್ಕೆ ಆಮೇಲೆ ಬೇಕಾದಷ್ಟು ಟೈಮ್ ಉಂಟು ಉಷಾ. ಎಷ್ಟು ಬೇಕಾದ್ರೂ ಬೈಯಿರಿ. ಈಗ ಮಗುವಿಗೆ ಕೋಟು ಹಾಕಿ."

ಜೂಲಿಯಾಬಾಯಿಯದೇ ಆಸ್ಪತ್ರೆಯಲ್ಲಿ ಅವತ್ತು ಡ್ಯೂಟಿಯಲ್ಲಿ ಸಿಕ್ಕವರು ಮೂಳೆ ಸರ್ಜನ್ ಮಿಸ್ಟರ್ ಹಾರ್ಗ್ರೀವ್. ಈ ದೇಶದಲ್ಲಿ ದೊಡ್ಡ ಸರ್ಜನ್‌ಗಳನ್ನು ಡಾಕ್ಟರ್ ಎನ್ನುವುದಿಲ್ಲ, ಮಿಸ್ಟರ್ ಎನ್ನುತ್ತಾರೆ. ಅವರು ಗುರುವಾರದ ಫಿಲ್ಮನ್ನು ಬೆಳಕಿಗೆ ಹಿಡಿದು, ಇದರಲ್ಲಿ ಏನೂ ಇಲ್ಲವಲ್ಲ ಎಂದರು. ಆಮೇಲೆ ಏನಾದರೂ ಆಯಿತೇ ಎಂದು ಕೇಳಿದರು. ಉಷಾ ಜೂಲಿಯಾಬಾಯಿಯ ಕಡೆ ನೋಡಿದಳು. ಉದಯಶಂಕರ್ ನೆಲ ನೋಡಿದ. ರಜೆಯ ದಿನ, ಚರ್ಚಿಗೆ ಹೋದ ಬಟ್ಟೆಯಲ್ಲಿ ಕೈಚೀಲ ಹಿಡಿದು ನಿಂತ ತಮ್ಮ ಟೆಕ್ನಿಷಿಯನ್ ಅಲ್ಲಿ ಏನು ಮಾಡುತ್ತಿದ್ದಾಳೆ ಎಂದು ಹಾರ್ಗ್ರೀವ್‌ಗೆ ಇನ್ನೂ ಹೊಳೆದಿರಲಿಲ್ಲ.

"ನಿನ್ನೆ ನಾನು ಎಳೆದೆ," ಎಂದು ಜೂಲಿಯಾಬಾಯಿ ಇಂಗ್ಲಿಷಿನಲ್ಲಿ, ಸ್ಪಷ್ಟವಾಗಿ ಹೇಳಿದಳು. ಎಲ್ಲಿ ಹಿಡಿದೆ, ಯಾವ ಕಡೆಗೆ ತಿರುಗಿಸಿದೆ, ಶಬ್ದ ಬಂತು, ನೋವು ಗಂಟಿನಲ್ಲಲ್ಲ ಮೂಳೆಯ ಮೇಲೆ, ಎಲ್ಲವನ್ನೂ ಪ್ಲಾಸ್ಟರ್ ರೂಮಿನ ವರದಿ ಕೊಡುವಂತೆ ಕೊಟ್ಟಳು. ಹಾರ್ಗ್ರೀವ್ ಮತ್ತೆ ಎಕ್ಸ್‌ರೇಗೆ ಬರೆದರು. ಹೊಸ ಫಿಲ್ಮ್ ಬಂತು. ಮೊಣಕಾಲಿನಿಂದ ಇಳಿದ ದೊಡ್ಡ ಮೂಳೆಯ ತುದಿ ಆ ಕಪ್ಪು ಗೆರೆಯಲ್ಲಿ ಮೂರು ಮಿಲಿಮೀಟರ್ ಪಕ್ಕಕ್ಕೆ ಸರಿದಿತ್ತು. ಎಳೆದದ್ದರಿಂದ ಸರಿಯಿತೋ, ವೇದಿಕೆಯ ಮೇಲೆ ಕುಣಿದದ್ದರಿಂದಲೋ ಹೇಳಲಾಗದು ಎಂದರು ಅವರು. ಕುಣಿಯಲು ಕಳಿಸಿದ್ದೂ ನಾನೇ ಎಂದಳು ಇವಳು.

ಸೋಮವಾರ ಬೆಳಿಗ್ಗೆ ಗೌತಮಿಗೆ ಅರಿವಳಿಕೆ ಕೊಟ್ಟು, ಕತ್ತರಿ ಹಾಕದೆ, ಮೆಲ್ಲಗೆ ಮೂಳೆಯನ್ನು ಜಾಗಕ್ಕೆ ಕೂರಿಸಿದರು. ಪ್ಲಾಸ್ಟರ್ ಸುತ್ತಿದ್ದು ಬೇರೆಯವರು. ಜೂಲಿಯಾಬಾಯಿ ಆ ಹೊತ್ತಿಗೆ ಮ್ಯಾನೇಜರ್ ಎದುರು ಕೂತು ತನ್ನ ಕೈಯಾರೆ ಎರಡು ಪುಟ ಬರೆದುಕೊಡುತ್ತಿದ್ದಳು. ವಿಚಾರಣೆ ಆಯಿತು. ಕೆಲಸ ಉಳಿಯಿತು, ಆದರೆ ಮೂರು ತಿಂಗಳು ರೋಗಿಗಳನ್ನು ಮುಟ್ಟುವಂತಿಲ್ಲ. ಟ್ರಾಲಿ ತುಂಬಿಸು, ಬಕೆಟ್ಟು ತೊಳೆ, ಪಟ್ಟಿ ಎಣಿಸು. ಅವಳು ಮಾಡಿದಳು. ಮತ್ತೆ ಮಾಪು ಹಿಡಿದಿದ್ದಾಳೆ ನೋಡು ಎಂದು ಹಿಂದೆ ಗುಸುಗುಸು ಅಂದವರ ಮುಖಕ್ಕೇ, "ಒರೆಸ್ಲಿಕ್ಕೆ ನನಗೆ ಚೆಂದ ಬರ್ತದೆ, ನಿಮಗೆ ಬರ್ತದಾ?" ಎಂದಳು. ಮನೆಗೆ ಉಳುಕು ಹಿಡಿದುಕೊಂಡು ಬಂದವರನ್ನೆಲ್ಲ ಬಾಗಿಲಲ್ಲೇ ನಿಲ್ಲಿಸಿ ಅವರವರ ಏರಿಯಾದ ಡಾಕ್ಟರು, ಜಿಪಿ ಹತ್ತಿರ ಅಟ್ಟಿದಳು. ಒಬ್ಬಿಬ್ಬರಿಗೆ ಬೇಸರವಾಯಿತು. ಆಗಲಿ ಬಿಡಿ ಎಂದಳು.

ಕೆಲಸದ್ದು ಮೂರು ತಿಂಗಳಿಗೆ ಮುಗಿಯಿತು. ಗೌತಮಿಯ ಕಾಲಿನದ್ದು ಮುಗಿಯಲಿಲ್ಲ. ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರು, ಹುಡುಗಿ ನಡೆದಳು, ಓಡಿದಳು, ನೋವು ಇಲ್ಲ. ಆದರೂ ಹಾರ್ಗ್ರೀವ್ ಒಂದೇ ಮಾತು ಹೇಳಿದ್ದರು: ಪದರ ಉಳಿಯಿತೋ ಸತ್ತಿತೋ ಈಗ ಗೊತ್ತಾಗುವುದಿಲ್ಲ, ಒಂದೂವರೆ ವರ್ಷ ಕಾಯಬೇಕು. ಮೂಳೆಗೆ ಪೆಟ್ಟಾದಾಗ ಬೆಳವಣಿಗೆ ಸ್ವಲ್ಪ ಕಾಲ ನಿಲ್ಲುತ್ತದೆ. ನಿಂತ ಜಾಗದಲ್ಲಿ ಮೂಳೆಯೊಳಗೆ ಒಂದು ತೆಳ್ಳನೆಯ ಬಿಳಿ ಗೆರೆ ಉಳಿಯುತ್ತದೆ. ಬೆಳವಣಿಗೆ ಮತ್ತೆ ಶುರುವಾದರೆ ಪದರವು ಆ ಗೆರೆಯಿಂದ ದೂರ ದೂರ ಸರಿಯುತ್ತ ಹೋಗುತ್ತದೆ. ಎರಡೂ ಕಡೆ ಸಮವಾಗಿ ದೂರವಾದರೆ ಕಾಲು ನೇರ. ಒಂದು ಕಡೆ ಅಂಟಿಕೊಂಡು ಇನ್ನೊಂದು ಕಡೆ ಮಾತ್ರ ದೂರವಾದರೆ ಕಾಲು ಸೊಟ್ಟ, ಮುಂದೆ ಆಪರೇಷನ್ ಮೇಲೆ ಆಪರೇಷನ್.

ಆ ಒಂದೂವರೆ ವರ್ಷ ಉಷಾ ಅವಳೊಡನೆ ಮಾತಾಡಲಿಲ್ಲ. ಮಾರ್ಕೆಟ್ಟಿನಲ್ಲಿ ಎದುರಾದರೆ ಬದನೆಕಾಯಿ ಆರಿಸುವ ನೆವದಲ್ಲಿ ಬೆನ್ನು ತಿರುಗಿಸುತ್ತಿದ್ದಳು. ಕಾರ್ಯಕ್ರಮಗಳಲ್ಲಿ ಜೂಲಿಯಾಬಾಯಿ ಒಂದು ಮೂಲೆಯಾದರೆ ಅವಳು ಇನ್ನೊಂದು ಮೂಲೆ. ರಾಜಿ ಮಾಡಿಸಲು ಬಂದವರಿಗೆ ಜೂಲಿಯಾಬಾಯಿಯೇ ಅಡ್ಡ ಬಂದಳು. "ಅವಳ ಸಿಟ್ಟು ಸರಿ ಉಂಟು. ನನ್ನ ಮಗಳಾಗಿದ್ರೆ ನಾನು ಇನ್ನೂ ಜಾಸ್ತಿ ಮಾಡ್ತಿದ್ದೆ," ಎಂದಳು. ಗೌತಮಿಗೆ ಮಾತ್ರ ಯಾರ ಮೇಲೂ ಮುನಿಸಿಲ್ಲ. ತಪಾಸಣೆಗೆ ಬಂದಾಗಲೆಲ್ಲ ಪ್ಲಾಸ್ಟರ್ ರೂಮಿನ ಬಾಗಿಲಲ್ಲಿ ಇಣುಕಿ, "ಹಾಯ್ ಆಂಟಿ!" ಎಂದು ಕೈ ಬೀಸುವಳು. ಹುಡುಗಿ ದೂರ ಹೋದ ಮೇಲೆ ಅವಳ ನಡಿಗೆಯನ್ನು ಜೂಲಿಯಾಬಾಯಿ ಕಾರಿಡಾರಿನ ಕೊನೆಯವರೆಗೂ ನೋಡುವಳು. ವಾಲುತ್ತಿದೆಯೇ? ಇಲ್ಲ. ವಾಲಿದ ಹಾಗಿದೆಯೇ? ದೇವರೇ, ಗೊತ್ತಾಗುತ್ತಿಲ್ಲ. ಯಾವುದಕ್ಕೂ ಗೊತ್ತಿಲ್ಲ ಎನ್ನದ ಹೆಂಗಸಿಗೆ ಇದು ಬಹಳ ಕಷ್ಟದ ಕಾಲವಾಗಿತ್ತು. ಪ್ರತಿ ರಾತ್ರಿಯ ಪ್ರಾರ್ಥನೆಯಲ್ಲಿ ಗೌತಮಿಯ ಬಲಗಾಲಿಗೆಂದೇ ಒಂದು ಜಪ ಹೆಚ್ಚಿಗೆ ಸೇರಿಕೊಂಡಿತ್ತು.

೨೦೦೩ರ ಮೇ ತಿಂಗಳಲ್ಲಿ ಕೊನೆಯ ಎಕ್ಸ್‌ರೇ. ಜೂಲಿಯಾಬಾಯಿ ಒಬ್ಬ ಮುದುಕನ ಮಣಿಕಟ್ಟಿಗೆ ಪಟ್ಟಿ ಸುತ್ತಿ ಮುಗಿಸಿ ಕೈ ತೊಳೆಯುತ್ತಿದ್ದಳು. ಬಾಗಿಲು ತೆರೆಯಿತು. ಉಷಾ. ಹಿಂದೆ ಗೌತಮಿ, ಈಗ ಅಮ್ಮನ ಭುಜ ದಾಟಿದ್ದಾಳೆ. ಉಷಾಳ ಕೈಯಲ್ಲಿ ದೊಡ್ಡ ಕಂದು ಲಕೋಟೆ.

"ಹಾರ್ಗ್ರೀವ್ ಏನೋ ಹೇಳಿದ್ರು," ಎಂದಳು ಉಷಾ. "ನಗ್‌ನಗ್ತಾನೇ ಹೇಳಿದ್ರು. ಆದ್ರೆ ಆವತ್ತು ನಾರ್ಮಲ್ ಅಂತ ಹೇಳಿದೋರೂ ನಗ್‌ನಗ್ತಾನೇ ಹೇಳಿದ್ರು. ನಂಗೆ ಯಾರ ಮಾತೂ ಸಾಕಾಗ್ತಿಲ್ಲ." ಲಕೋಟೆಯನ್ನು ಮುಂದೆ ಚಾಚಿದಳು. "ನೀವು ನೋಡಿ ಹೇಳಿ. ನಿಮ್ಮ ತಪ್ಪನ್ನೇ ಮುಚ್ಚಿಡದೋರು ನೀವು. ಇದನ್ನೂ ಮುಚ್ಚಿಡಲ್ಲ."

ಜೂಲಿಯಾಬಾಯಿ ಕೈ ಒರೆಸಿಕೊಂಡಳು. ಒಣಗಿದ ಕೈಯನ್ನೇ ಮತ್ತೊಮ್ಮೆ ಒರೆಸಿಕೊಂಡಳು. ಫಿಲ್ಮನ್ನು ಗೋಡೆಯ ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿ ಸ್ವಿಚ್ ಹಾಕಿದಳು. ಬಲಗಾಲಿನ ಮೂಳೆ ಬೆಳ್ಳಗೆ ಎದ್ದು ನಿಂತಿತು. ತುದಿಯ ಹತ್ತಿರ ಬೆಳೆಯುವ ಪದರದ ಕಪ್ಪು ಗೆರೆ, ಅದರ ಮೇಲೆ, ಮೂಳೆಯೊಳಗೆ, ಆ ನವೆಂಬರಿನ ಬಿಳಿ ಗೆರೆ. ಅವಳು ಕನ್ನಡಕ ಸರಿಮಾಡಿಕೊಂಡು ಡ್ರಾಯರಿನಿಂದ ಸಣ್ಣ ಅಳತೆಪಟ್ಟಿಯನ್ನು ತೆಗೆದು ಒಳಗಡೆಯ ಅಂಚಿನಲ್ಲಿ ಎರಡು ಗೆರೆಗಳ ನಡುವೆ ಹಿಡಿದಳು. ಓದಿದಳು. ನಂಬಿಕೆ ಬರದೆ ಮತ್ತೆ ಓದಿದಳು. ಅಳತೆಪಟ್ಟಿಯನ್ನು ತೆಗೆದು ಮತ್ತೆ ಇಟ್ಟು ಮೂರನೇ ಸಲ ಓದಿದಳು.

"ಎಷ್ಟು?" ಎಂದಳು ಉಷಾ.

"ಎಂಟು ಮಿಲಿಮೀಟರ್."

"ಆ ಕಡೆ?"

ಜೂಲಿಯಾಬಾಯಿ ಅಳತೆಪಟ್ಟಿಯನ್ನು ಹೊರ ಅಂಚಿಗೆ ಸರಿಸಿದಳು. ಕಣ್ಣು ತುಂಬಿ ಅಂಕೆಗಳು ಕಲಸಿಹೋದವು. ಕನ್ನಡಕ ತೆಗೆದು ತೋಳಿಗೆ ಒರೆಸಿ, ಮತ್ತೆ ಹಾಕಿಕೊಂಡು, ಮೂಗು ಫಿಲ್ಮಿಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದಳು.

"ಆ ಕಡೆಯೂ ಎಂಟೇ, ಉಷಾ," ಎಂದಳು.